ಪೆಡಲ್ ಬಿಚ್ಚಿ ಶುರು ಮಾಡಿದ್ದು: ಇಬ್ಬರು ಮಕ್ಕಳ ಸೈಕಲ್ ಲಾಗ್

ದಿನ 0

ದೊಡ್ಡವಳಿಗೆ 7, ಚಿಕ್ಕವಳಿಗೆ 4. ದೊಡ್ಡವಳು 16 ಇಂಚಿನ ಸೈಕಲ್ಲನ್ನ ಎರಡು ವರ್ಷದಿಂದ ಸೈಡ್ ವೀಲ್ ಇಟ್ಕೊಂಡೇ ಓಡಿಸ್ತಿದಾಳೆ, ಅವಳ ಹಳೇ 12 ಇಂಚಿಂದು ಈಗ ತಂಗಿ ಪಾಲಿಗೆ ಬಂದಿದೆ. ನನ್ನ ಪ್ಲಾನ್ ಇಷ್ಟೇ, ಇಬ್ಬರಿಗೂ ಒಟ್ಟಿಗೇ ಬ್ಯಾಲೆನ್ಸ್ ಕಲಿಸಿಬಿಡೋದು, ದಿನಾ ಸಂಜೆ ಅರ್ಧ ಗಂಟೆ, ಒಂದು ತಿಂಗಳಲ್ಲಿ ಮುಗೀಬೇಕು. ಮಕ್ಕಳಿರೋ ಮನೇಲಿ "ದಿನಾ" ಅಂತ ಪ್ಲಾನ್ ಹಾಕ್ತಾನಲ್ಲ ಇವನು ಅಂತ ನಿಮಗೆ ನಗು ಬಂದ್ರೆ ನಗಿ, ನಂಗೂ ಈಗ ಬರ್ತಿದೆ.

ಸೈಡ್ ವೀಲ್ ತೆಗೆಯೋದು ಐದು ನಿಮಿಷದ ಕೆಲಸ. ಆಮೇಲೆ ಪೆಡಲ್‌ಗೆ ಕೈ ಹಾಕ್ದೆ. ಬಲಗಡೇದು ಸಲೀಸಾಗಿ ಬಂತು, ಎಡಗಡೇದು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ಎಣ್ಣೆ ಬಿಟ್ಟೆ, ಸ್ಪ್ಯಾನರ್ ಮೇಲೆ ಕಾಲಿಟ್ಟು ತುಳಿದೆ, ಬೆರಳಿನ ಗಿಣ್ಣು ತರಚಿಕೊಂಡೆ, ಚಿಕ್ಕವಳು ಪಕ್ಕದಲ್ಲಿ ಕೂತು "ಅಕ್ಕಾ, ಅಪ್ಪ ಸೈಕಲ್ ಜೊತೆ ಜಗಳ ಆಡ್ತಿದಾನೆ" ಅಂತ ಒಳಗಡೆಗೆ ಸುದ್ದಿ ಮುಟ್ಟಿಸ್ತಿದ್ಲು. ಇಪ್ಪತ್ತು ನಿಮಿಷ ಆದ್ಮೇಲೆ ನೆನಪಾಯ್ತು, ಎಡಗಡೆ ಪೆಡಲ್‌ಗೆ ಥ್ರೆಡ್ ಉಲ್ಟಾ. ಅಷ್ಟೊತ್ತೂ ನಾನು ಬಿಚ್ತಿರ್ಲಿಲ್ಲ, ಇನ್ನೂ ಟೈಟ್ ಮಾಡ್ತಿದ್ದೆ! ಯಾರಾದ್ರೂ ಮಾಡೋರಿದ್ರೆ ಒಂದು ಮಾತು, ಎಡ ಬಲ ಅಂತ ತಲೆ ಕೆಡಿಸ್ಕೋಬೇಡಿ, ಯಾವ ಕಡೆ ಆದ್ರೂ ಸ್ಪ್ಯಾನರ್ ಹಿಡಿಯನ್ನ ಮೇಲಕ್ಕೆ ನಿಲ್ಸಿ ಹಿಂದಿನ ಚಕ್ರದ ಕಡೆ ಎಳೀರಿ, ಬಿಚ್ಚುತ್ತೆ. ನಮ್ಮದಕ್ಕೆ ಕೂತಿದ್ದು 15 ನಂಬರ್ ಸ್ಪ್ಯಾನರ್.

ಪೆಡಲ್ ಯಾಕೆ ಬಿಚ್ಚೋದು ಅಂದ್ರೆ, ತುಳಿಯೋದು ಮಕ್ಕಳಿಗೆ ಬೇಗ ಬರುತ್ತೆ, ಬರದೇ ಇರೋದು ಬ್ಯಾಲೆನ್ಸ್, ಸೈಡ್ ವೀಲ್ ಅದನ್ನ ಕಲಿಸೋದೇ ಇಲ್ಲ. ಸೈಕಲ್ ವಾಲೋಕೇ ಬಿಡಲ್ವಲ್ಲ ಅದು. ಎಡಕ್ಕೆ ತಿರುಗುವಾಗ ನಿಜವಾದ ಸೈಕಲ್ಲಲ್ಲಿ ಎಡಕ್ಕೆ ವಾಲ್ಬೇಕು, ಸೈಡ್ ವೀಲ್ ಇದ್ರೆ ಮೈ ಬಲಕ್ಕೆ ಎಳೆಯುತ್ತೆ, ಅಂದ್ರೆ ನಮ್ಮ ದೊಡ್ಡವಳು ಎರಡು ವರ್ಷ ಶ್ರದ್ಧೆಯಿಂದ ತಪ್ಪನ್ನೇ ಪ್ರಾಕ್ಟೀಸ್ ಮಾಡಿದಾಳೆ. ಪೆಡಲ್ ಇಲ್ಲದೆ ಕಾಲಲ್ಲಿ ನೆಲ ನೂಕಿಕೊಂಡು ಹೋಗೋದು ಹೊಸ ಫ್ಯಾಷನ್ ಅನ್ಸಬಹುದು, ಆದ್ರೆ 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಮೊದಲ ಎರಡು ಚಕ್ರದ ಗಾಡಿಯೂ ಹೀಗೇ ಇದ್ದಿದ್ದು, ಮುಂದಿನ ಚಕ್ರಕ್ಕೆ ಪೆಡಲ್ ಕೂಡಿಸಿದ ಸೈಕಲ್ ಜನಪ್ರಿಯ ಆಗಿದ್ದು 1860ರ ದಶಕದಲ್ಲಿ.

ಇದನ್ನೆಲ್ಲ ದೊಡ್ಡವಳಿಗೆ ಹೇಳಿದೆ. ಅವಳು ಬೋಳು ಸೈಕಲ್ಲನ್ನ ಒಂದ್ಸಲ ನೋಡಿ "ಇದು ಪಾಪುಗಳ ಸೈಕಲ್" ಅಂದು ಒಳಗೆ ಹೋದ್ಲು. ನಾನು ಅದನ್ನ ಅಷ್ಟು ಸೀರಿಯಸ್ಸಾಗಿ ತಗೊಳ್ಲಿಲ್ಲ, ತಗೋಬೇಕಿತ್ತು.

ದಿನ 1

ಸೀಟ್ ಇಳಿಸೋದು. ಗೋಡೆಗೆ ಬೆನ್ನು ಕೊಟ್ಟು ನಿಲ್ಸಿ, ಕಾಲ ಮಧ್ಯೆ ಒಂದು ಪುಸ್ತಕ ಅಡ್ಡ ಹಿಡಿದು ನೆಲದಿಂದ ಅಳತೆ ತಗೊಂಡೆ, ಅದಕ್ಕಿಂತ 2-3 ಸೆಂಟಿಮೀಟರ್ ಕಮ್ಮಿಗೆ ಸೀಟು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ಸ್ವಲ್ಪ ಬಗ್ಗಿರಬೇಕು. ದೊಡ್ಡವಳದ್ದು ಸರಿ ಹೋಯ್ತು, ಚಿಕ್ಕವಳದ್ದು ಸೀಟ್ ಪೂರ್ತಿ ಕೆಳಗಿಳಿಸಿದ್ರೂ ತುದಿಗಾಲು, ಕೊನೆಗೆ ದಪ್ಪ ಸೋಲಿನ ಶೂ ಹಾಕಿದ್ಮೇಲೆ ಪಾಸ್. ಶೂ ಲೇಸ್ ಒಳಗೆ ಸಿಗಿಸಿ ಮರೀದೆ.

ಹೆಲ್ಮೆಟ್‌ಗೆ ನಾನು ನೆನಪಿಟ್ಕೊಂಡಿರೋ ಲೆಕ್ಕ: ಹುಬ್ಬಿಂದ ಮೇಲೆ ಎರಡು ಬೆರಳು, ಪಟ್ಟಿ ಕಿವಿ ಕೆಳಗೆ ಬಂದು ಸೇರ್ಬೇಕು, ಗದ್ದದ ಹತ್ರ ಒಂದೆರಡು ಬೆರಳು ತೂರೋಷ್ಟು ಜಾಗ. ಚಿಕ್ಕವಳು ಹಾಕ್ಕೊಂಡಳು, ತೆಗೆಯೋಕೇ ಒಪ್ಪಲಿಲ್ಲ, ಊಟಕ್ಕೂ ಹಾಗೇ ಕೂತ್ಲು. ಮಲಗೋಕೆ ಮುಂಚೆ ಹೇಗೋ ತೆಗೆಸಿದ್ದು ಇವರಮ್ಮ, ಟೆಕ್ನಿಕ್ ಏನು ಅಂತ ಹೇಳ್ತಿಲ್ಲ.

ದಿನ 3

ಮೊದಲ ಸಲ ಹೊರಗೆ. ಆರು ಗಂಟೆಗೆ ಹೊರಡೋದು ಅಂದಿದ್ದು, ಆರೂ ಮುಕ್ಕಾಲು ಆಯ್ತು, ಯಾಕಂದ್ರೆ ಒಬ್ಬಳಿಗೆ ಸಾಕ್ಸ್ ಒಳಗಿನ ಹೊಲಿಗೆ ಚುಚ್ಚುತ್ತೆ, ಇನ್ನೊಬ್ಬಳಿಗೆ ಬಾಗಿಲು ದಾಟಿದ್ಮೇಲೇ ಒಂದಕ್ಕೆ ಬರೋದು, ಆಮೇಲೆ ಬೆಲ್. ಬೆಲ್ ಇರೋದು ದೊಡ್ಡ ಸೈಕಲ್ಲಿಗೆ ಮಾತ್ರ. ಅದು ಯಾರದ್ದು ಅನ್ನೋ ವ್ಯಾಜ್ಯ ಇನ್ನೂ ನಡೀತಿದೆ.

ಜಾಗದ ವಿಷ್ಯ, ಹುಲ್ಲು ಮೆತ್ತಗಿರುತ್ತೆ ಬಿದ್ರೆ ನೋವಾಗಲ್ಲ ಅಂತ ಹುಲ್ಲಿಗೆ ಕರ್ಕೊಂಡು ಹೋಗಿದ್ದು ನನ್ನ ತಪ್ಪು. ಚಕ್ರ ಉರುಳೋದೇ ಇಲ್ಲ, ಸ್ಪೀಡ್ ಇಲ್ದೇ ಬ್ಯಾಲೆನ್ಸ್ ಇನ್ನೂ ಕಷ್ಟ. ಒಂಚೂರು ಇಳಿಜಾರಿರೋ ಗಟ್ಟಿ ನೆಲ ಬೇಕು, ಗಾಡಿ ಓಡಾಡದ ಕಡೆ. ಇನ್ನೊಂದು, ನಾನು ಅಭ್ಯಾಸಬಲದಿಂದ ಸೀಟ್ ಹಿಂದೆ ಹಿಡ್ಕೊಂಡು ಓಡ್ತಿದ್ದೆ, ನಂಗೂ ನಮ್ಮಪ್ಪ ಹಾಗೇ ಕಲಿಸಿದ್ದು. ಸೀಟ್ ಹಿಡಿದ್ರೆ ಬ್ಯಾಲೆನ್ಸ್ ಮಾಡೋದು ನಾವು, ಸೈಕಲ್ ವಾಲಿದ್ದು ಮಗೂಗೆ ಗೊತ್ತೇ ಆಗಲ್ಲ. ಹಿಡಿಯಲೇಬೇಕು ಅಂದ್ರೆ ಭುಜವೋ ಕಂಕುಳೋ ಹಗುರಕ್ಕೆ ಹಿಡೀಬೇಕು, ಹ್ಯಾಂಡಲ್ ಮುಟ್ಲೇಬಾರ್ದು. ಸೊಂಟ ನೋವು.

ದಿನ 4 ರಿಂದ 8

ಜ್ವರ. ಮೊದಲು ಚಿಕ್ಕವಳು, ಅವಳು ಎದ್ದ ದಿನ ದೊಡ್ಡವಳು ಮಲಗಿದ್ಲು, ಆಮೇಲೆ ನಾನು. ಲಾಗ್ ಬರೆಯೋಕೆ ಏನೂ ಇಲ್ಲ.

ದಿನ 9

ಚಿಕ್ಕವಳು ಇವತ್ತು ಎರಡೂ ಕಾಲೆತ್ತಿದ್ಲು. ಯಾರೂ ಹೇಳ್ಕೊಟ್ಟಿಲ್ಲ, ಇಳಿಜಾರಲ್ಲಿ ನಾಲ್ಕು ಹೆಜ್ಜೆ ನೂಕಿದ್ಲು, ಕಾಲು ಅಗಲ ಮಾಡಿ ಎತ್ತಿದ್ಲು, ಕೂಗ್ತಾ ಹೋದ್ಲು, ನಾನು ಎಣಿಸ್ದೆ ಆರು ಸೆಕೆಂಡ್. ನಿಲ್ಲಿಸೋದು ಗೊತ್ತಿಲ್ಲ, ಪೊದೆಗೆ ನುಗ್ಗಿ ನಿಂತ್ಲು. ಎದ್ದು ಎಲೆ ಕೊಡವಿಕೊಂಡು "ಮತ್ತೆ" ಅಂದ್ಲು.

ದೊಡ್ಡವಳು ಅಷ್ಟೊತ್ತಿಗೆ ಇನ್ನೂ ಸೀಟ್ ಮೇಲೆ ಕೂರದೇ, ಸೈಕಲ್ಲನ್ನ ಕಾಲ ಮಧ್ಯೆ ಇಟ್ಕೊಂಡು ನಡೀತಿದ್ಲು. ಆವಾಗ ನನ್ನ ಬಾಯಿಂದ ಬಂತು: "ನೋಡು, ತಂಗಿ ಎಷ್ಟು ಚೆನ್ನಾಗಿ ಹೋಗ್ತಾಳೆ, ನೀನೂ ಟ್ರೈ ಮಾಡು." ಹೇಳಿ ಮುಗಿಸೋದ್ರೊಳಗೆ ಗೊತ್ತಾಯ್ತು ಏನು ಮಾಡ್ದೆ ಅಂತ. ಅವಳು ಅಳ್ಲಿಲ್ಲ, ಸೈಕಲ್ಲನ್ನ ಮೆಲ್ಲಗೆ ನೆಲಕ್ಕೆ ಮಲಗಿಸಿ ಹೆಲ್ಮೆಟ್ ತೆಗೆದು ಅದರ ಮೇಲಿಟ್ಟು ಹೋಗಿ ಕಟ್ಟೆ ಮೇಲೆ ಕೂತ್ಲು. ಅತ್ತಿದ್ರೆ ಸಮಾಧಾನ ಮಾಡ್ಬಹುದಿತ್ತು.

ನಾನೂ ಮನೇಲಿ ದೊಡ್ಡವನು, ತಮ್ಮ ನನಗಿಂತ ಮುಂಚೆ ಈಜು ಕಲ್ತ. ಆ ಮಾತು ಕೇಳಿಸ್ಕೊಂಡೋನೇ ಆ ಮಾತು ಆಡಿದೆ.

ದಿನ 13

ಮೂರು ದಿನ ದೊಡ್ಡವಳು ಬರ್ಲಿಲ್ಲ, "ಹೋಮ್‌ವರ್ಕ್ ಇದೆ" ಅಂತಾಳೆ, ಹೋಮ್‌ವರ್ಕ್ ಕೊಟ್ಟಿಲ್ಲ ಅಂತ ನಂಗೂ ಗೊತ್ತು. ನಾನೂ ಕೇಳ್ಲಿಲ್ಲ. ಇವತ್ತು ಚಿಕ್ಕವಳ ಸೈಕಲ್ ಪಂಚರ್. ಟ್ಯೂಬ್ ಹೊರಗೆ ತೆಗೆದು ಗಾಳಿ ತುಂಬಿಸಿ ಬಕೆಟ್ ನೀರಲ್ಲಿ ಮುಳುಗಿಸ್ತಿದ್ದೆ, ದೊಡ್ಡವಳು ತಾನಾಗೇ ಬಂದು ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕೂತ್ಲು. ಗುಳ್ಳೆ ಎಲ್ಲಿಂದ ಬರ್ತಿದೆ ಅಂತ ಹುಡುಕಿದ್ದು ಅವಳೇ. ಸ್ಯಾಂಡ್ ಪೇಪರಲ್ಲಿ ಉಜ್ಜಿದ್ದೂ ಅವಳೇ. ಸೊಲ್ಯೂಷನ್ ಹಚ್ಚಿ ತಕ್ಷಣ ಪ್ಯಾಚ್ ಅಂಟಿಸಬಾರ್ದು, ಹಸಿ ಹೋಗೋವರೆಗೂ ಐದು ನಿಮಿಷ ಬಿಡ್ಬೇಕು, ಆ ಐದು ನಿಮಿಷದಲ್ಲಿ ಕೇಳಿದ್ಲು: "ಅಪ್ಪ, ಸೈಕಲ್ ಯಾಕೆ ಬೀಳಲ್ಲ?"

ಚಕ್ರ ತಿರುಗುತ್ತಲ್ಲ, ಬುಗುರಿ ಥರ, ಅದಕ್ಕೇ ಅಂತ ಹೇಳಕ್ಕೆ ಹೊರಟೆ, ನಮಗೆಲ್ಲ ಹಾಗೇ ಹೇಳಿದ್ರು. ಆದ್ರೆ ಅಷ್ಟೇ ಅಲ್ಲ ಅಂತ ಈಗ ಗೊತ್ತು, 2011ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಒಂದು ಪ್ರಯೋಗದಲ್ಲಿ ಉಲ್ಟಾ ತಿರುಗೋ ಚಕ್ರಗಳನ್ನ ಜೋಡಿಸಿ ಆ ಬುಗುರಿ ಪರಿಣಾಮಾನ ಸೊನ್ನೆ ಮಾಡಿದ್ರು, ಆದ್ರೂ ಯಾರೂ ಕೂರದ ಆ ಸೈಕಲ್ ಬೀಳದೆ ಮುಂದೆ ಹೋಯ್ತು. ವಾಲಿದ ಕಡೆಗೆ ಹ್ಯಾಂಡಲ್ ತಾನೇ ತಿರುಗಿ ಚಕ್ರ ಮತ್ತೆ ಭಾರದ ಅಡಿಗೆ ಬರುತ್ತೆ, ಅದು ಮುಖ್ಯ. ಇದನ್ನ ಏಳು ವರ್ಷದವಳಿಗೆ ಹೇಗೆ ಹೇಳೋದು, ನೆಲ ಒರೆಸೋ ಮಾಪ್ ಕೋಲು ಅಂಗೈ ಮೇಲೆ ನಿಲ್ಸಿ ತೋರಿಸ್ದೆ. ಕೋಲು ಎತ್ತ ಬೀಳುತ್ತೋ ಅತ್ತ ಕೈ ಓಡ್ಬೇಕು, ದೂರ ಎಳೆದ್ರೆ ಬಿತ್ತು. ಅವಳು ಅರ್ಧ ಗಂಟೆ ಅದನ್ನೇ ಮಾಡಿದ್ಲು, ಆಮೇಲೆ ಪೆನ್ಸಿಲ್ ನಿಲ್ಲಿಸೋಕೆ ನೋಡಿದ್ಲು, ಆಗ್ಲಿಲ್ಲ, ಉದ್ದದ್ದು ನಿಧಾನಕ್ಕೆ ಬೀಳುತ್ತೆ ಚಿಕ್ಕದು ಬೇಗ ಬೀಳುತ್ತೆ ಅಂತ ತಾನೇ ಕಂಡುಹಿಡಿದ್ಲು. ರಾತ್ರಿ ಲೈಟ್ ಆರಿಸಿದ್ಮೇಲೆ ಕತ್ತಲಲ್ಲಿ ಅವಳ ದನಿ: "ಅಂದ್ರೆ ಬೀಳೋದು ಸೈಕಲ್ಲಿಗೆ ಮೊದಲೇ ಗೊತ್ತಾಗುತ್ತೆ, ನಂಗೆ ಲೇಟಾಗಿ."

ಹೌದು ಮಗಳೇ ಅಂದೆ. ಪಂಚರ್ ಆಗಿದ್ದು ಮುಳ್ಳಿಂದ, ಟೈರ್ ಒಳಗಡೆ ಬೆರಳಾಡಿಸಿ ನೋಡಿದಾಗ ಇನ್ನೂ ಅಲ್ಲೇ ಇತ್ತು, ತೆಗೀದೆ ಹಾಕಿದ್ರೆ ಮತ್ತೆ ಅದೇ ಕತೆ.

ದಿನ 15

ಬಂದ್ಲು. ಕಂಡಿಷನ್ ಮೇಲೆ. ನಾನು ನೋಡಬಾರ್ದು, ತಂಗಿ ಆ ಕಡೆ ಇರ್ಬೇಕು, "ಸೂಪರ್" ಅನ್ನಬಾರ್ದು. ಸರಿ ಅಂತ ಕಟ್ಟೆ ಮೇಲೆ ಬೆನ್ನು ತಿರುಗಿಸಿ ಕೂತೆ, ಚಿಕ್ಕವಳನ್ನ ತೊಡೆ ಮೇಲೆ ಹಾಕ್ಕೊಂಡು ಲೇಸ್ ಕಟ್ಟೋದು ಬಿಚ್ಚೋದು ಮಾಡ್ತಾ.

ನೋಡೋಕಿಲ್ಲ ಅಂದ್ಮೇಲೆ ಕಿವಿಗೆ ಕೆಲಸ. ಟಪ್ ಟಪ್ ಟಪ್ ಟಪ್, ಹೆಜ್ಜೆ. ಟಪ್... ಟಪ್. ಬಿದ್ದ ಸದ್ದು. ತಿರುಗ್ಲಿಲ್ಲ, ಅದು ಸುಲಭ ಇರ್ಲಿಲ್ಲ. ಮತ್ತೆ ಟಪ್ ಟಪ್. ಕತ್ತಲಾಗೋ ಹೊತ್ತಿಗೆ ಎರಡು ಟಪ್ಪಿನ ಮಧ್ಯೆ ಟೈರ್ ಉರುಳೋ ಸದ್ದಷ್ಟೇ ಕೇಳೋ ಗ್ಯಾಪ್, ಒಂದು, ಎರಡು, ಮೂರು ಎಣಿಸೋಷ್ಟು. ಚಿಕ್ಕವಳು ನನ್ನ ಕಿವಿ ಹತ್ರ ಬಂದು "ಅಕ್ಕ ಕಾಲೆತ್ತಿದ್ಲು, ಹೇಳ್ಬೇಡ" ಅಂದ್ಲು. ಅವಳ ಮೇಲೆ ನೋಡಬಾರ್ದು ಅನ್ನೋ ರೂಲ್ ಇರ್ಲಿಲ್ವಲ್ಲ.

ದಿನ 16 ರಿಂದ 20

ಅದೇ. ಮಂಡಿ ಒಂದು, ಮೊಣಕೈ ಎರಡು. ಬ್ರೇಕ್ ಲಿವರ್ ಅವಳ ಬೆರಳಿಗೆ ಎಟುಕ್ತಿರ್ಲಿಲ್ಲ, ಲಿವರ್ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತೆ, ಅದನ್ನ ತಿರುಗಿಸಿದ್ರೆ ಲಿವರ್ ಹ್ಯಾಂಡಲ್ ಹತ್ರಕ್ಕೆ ಬರುತ್ತೆ. ಎರಡು ವರ್ಷ ಇವಳು ಬ್ರೇಕ್ ಹಿಡೀದೇ ಶೂ ತಿಕ್ಕಿ ನಿಲ್ಲಿಸ್ತಿದ್ದಿದ್ದಕ್ಕೆ ಸುಮ್ನೆ ಬೈದಿದ್ದೆ.

ದಿನ 22

ದೊಡ್ಡವಳ ಸೈಕಲ್ಲಿಗೆ ಪೆಡಲ್ ವಾಪಸ್. ಪೆಡಲ್ ತುದೀಲಿ ಎಲ್, ಆರ್ ಅಂತ ಅಚ್ಚಾಗಿರುತ್ತೆ, ಈ ಸಲ ನೋಡಿ ಹಾಕ್ದೆ, ಮೊದಲ ನಾಲ್ಕು ಸುತ್ತು ಕೈಯಲ್ಲೇ, ಸ್ಪ್ಯಾನರ್ ಆಮೇಲೆ, ಥ್ರೆಡ್ ಅಡ್ಡಾದಿಡ್ಡಿ ಕೂತ್ರೆ ಮುಗೀತು. ಸ್ಪ್ಯಾನರ್ ಹಿಡಿದಿದ್ದು ದೊಡ್ಡವಳು. "ಮುಂದಕ್ಕೆ ತಿರುಗಿಸಿದ್ರೆ ಟೈಟ್" ಅಂತ ತಂಗಿಗೆ ಪಾಠ ಮಾಡ್ತಾ.

ಎರಡನೇ ಪ್ರಯತ್ನಕ್ಕೇ ಹೋದ್ಲು. ಬಲಗಾಲಿನ ಪೆಡಲ್ ಮೇಲೆತ್ತಿ ಇಟ್ಕೊಂಡು, ಎಡಗಾಲಲ್ಲಿ ಎರಡು ಸಲ ನೂಕಿ, ತುಳಿದು, ಸುಮಾರು ಮೂವತ್ತು ಮೀಟರ್, ನೆಟ್ಟಗೆ. ನಾನು "ಸೂಪರ್" ಅನ್ಲಿಲ್ಲ, ಗಂಟಲಲ್ಲೇ ಹಿಡ್ಕೊಂಡೆ. ತಿರುಗಿಸೋದು ಇನ್ನೂ ಬಂದಿಲ್ಲ, ಕೊನೇಲಿ ಇಳಿದು ಸೈಕಲ್ಲನ್ನ ಎತ್ತಿ ಈ ಕಡೆ ಮುಖ ಮಾಡಿಸಿ ಮತ್ತೆ ಹತ್ತಿ ಬರ್ತಾಳೆ, ಬಸ್ ಕೊನೇ ಸ್ಟಾಪಲ್ಲಿ ತಿರುಗಿಸಿ ನಿಲ್ಲಿಸೋ ಡ್ರೈವರ್ ಗತ್ತಲ್ಲಿ.

ವಾಪಸ್ ಬಂದು ನನ್ನ ಮುಂದೆ ಬ್ರೇಕ್ ಹಿಡಿದು ನಿಂತು, "ನೋಡಿದ್ಯಾ?" ಅಂದ್ಲು.

ನೋಡ್ಲಾ ಬೇಡ್ವಾ ಅಂತ ಗೊತ್ತಾಗ್ದೇ "ಸ್ವಲ್ಪ" ಅಂದೆ.

"ಮುಂದಿನ ಸಲ ಪೂರ್ತಿ ನೋಡು."

ಪೆಂಡಿಂಗ್: ಎರಡೂ ಕಡೆ ತಿರುವು. ಹಿಂದಿನ ಬ್ರೇಕ್ ಕೇಬಲ್ ಇನ್ನೊಂಚೂರು ಎಳೀಬೇಕು, ಲಿವರ್ ಹ್ಯಾಂಡಲ್ಲಿಗೇ ತಾಗ್ತಿದೆ. ಚಿಕ್ಕವಳು ತನಗೂ ಪೆಡಲ್ ಬೇಕು ಅಂತ ಶುರು ಮಾಡಿದಾಳೆ, ಅವಳಿಗೆ ನಿಲ್ಲಿಸೋದು ಇನ್ನೂ ಪೊದೆ ಮೂಲಕವೇ, ಹಾಗಾಗಿ ಮೊದಲು ಬ್ರೇಕ್, ಆಮೇಲೆ ಪೆಡಲ್. ಅಲ್ಲೀವರೆಗೆ ಬೆಲ್ ಅವಳ ಸೈಕಲ್ಲಿಗೆ, ಇದು ದೊಡ್ಡವಳೇ ಕೊಟ್ಟ ತೀರ್ಪು, ನಾಳೆ ಬೆಳಗ್ಗೆ ಬಿಚ್ಚಿ ಹಾಕ್ಬೇಕು, ಸ್ಕ್ರೂಡ್ರೈವರ್ ಎಲ್ಲಿಟ್ಟೆ ಅಂತ ನೆನಪಿಲ್ಲ.