ಅಕಲ್ ಕನ್ನಡವೇ ಎಂದು ಕೇಳುವವರಿಗೆ

ಕಲಬುರಗಿ ಬಿಟ್ಟು ಎಲ್ಲಿಗೇ ಹೋದರೂ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ನೀವು ಮಾತುಮಾತಿಗೆ ಅಕಲ್ ಅನ್ನುತ್ತೀರಲ್ಲ, ಹಾಗೆಂದರೇನು? ಅದು ಕನ್ನಡವೇ?’ ಅರ್ಥ ಕೇಳುವುದಕ್ಕೆ ನನ್ನ ತಕರಾರಿಲ್ಲ. ಅದರ ಬಾಲ ಹಿಡಿದು ಬರುವ ಎರಡನೆಯ ಪ್ರಶ್ನೆ ಮಾತ್ರ ಸಾಕುಸಾಕಾಗಿದೆ.

ಹೋದ ವರ್ಷ ಆಳಂದದ ಒಂದು ಮದುವೆಯಲ್ಲಿ, ಕುದಿಯುವ ಸಾರಿನ ಹಂಡೆಯತ್ತ ಕೈ ಚಾಚಿದ ತಂಗಿಯ ಮಗನನ್ನು ಹಿಂದಕ್ಕೆಳೆದು ‘ಅಕಲ್ ಅದನೋ ಇಲ್ಲೋ ನಿನಗ?’ ಎಂದು ಗದರಿದೆ. ಪಕ್ಕದಲ್ಲಿ ಶೇಂಗಾ ಹೋಳಿಗೆ ಮುರಿಯುತ್ತಿದ್ದ, ಮೈಸೂರು ಕಡೆಯಿಂದ ಬಂದ ಬೀಗರ ಪೈಕಿಯ ಹಿರಿಯರೊಬ್ಬರು, ‘ಬುದ್ಧಿ ಅಂತ ಶುದ್ಧ ಕನ್ನಡದಲ್ಲೇ ಹೇಳಬಹುದಲ್ಲ ಸಾರ್’ ಎಂದರು. ಅದಕ್ಕೆ ಎರಡೇ ನಿಮಿಷ ಮುಂಚೆ ಅವರು ತಮ್ಮ ಜಮೀನಿನ ಕಥೆ ಹೇಳುತ್ತ ವಕೀಲ, ಅರ್ಜಿ, ತಹಶೀಲ್ದಾರ ಎಂಬ ಪರದೇಶದ ಮಾತುಗಳನ್ನೆಲ್ಲ ಯಾವ ಅಳುಕೂ ಇಲ್ಲದೆ ಬಳಸಿದ್ದರು.

ಬುದ್ಧಿಯೂ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಎಚ್ಚರಗೊಳ್ಳುವುದು ಎಂಬ ಅರ್ಥದ ಸಂಸ್ಕೃತದ ‘ಬುಧ್’ ಧಾತುವಿನಿಂದ ಬಂದದ್ದು. ಬುದ್ಧ, ಬೋಧನೆ ಅದರ ಒಡಹುಟ್ಟಿದವರು. ಮನೆಯದೇ ಬೇಕೆಂದರೆ ಅರಿವು ಇದೆ, ಕೆಸರು ತಳಕ್ಕಿಳಿದ ತಿಳಿನೀರನ್ನು ನೆನಪಿಸುವ ತಿಳಿವು ಇದೆ. ಆದರೆ ಹಂಡೆಯ ಮುಂದೆ ನಿಂತ ಹುಡುಗನಿಗೆ ‘ನಿನಗೆ ಅರಿವಿಲ್ಲವೇ’ ಎಂದರೆ ಅವನು ಪ್ರವಚನ ಶುರುವಾಯಿತೆಂದು ತಿಳಿಯುತ್ತಾನೆ.

ಅಕಲ್ ಅರಬ್ಬಿಯ ‘ಅಕ್ಲ್’. ಆ ಧಾತುವಿನ ಹಳೆಯ ಅರ್ಥ ಕಟ್ಟಿಹಾಕುವುದು. ಕುಳಿತ ಒಂಟೆ ಎದ್ದು ಹೋಗದಂತೆ ಅದರ ಮಡಚಿದ ಮುಂಗಾಲಿಗೆ ಬಿಗಿಯುವ ಹಗ್ಗಕ್ಕೆ ‘ಇಕಾಲ್’ ಎನ್ನುತ್ತಾರೆ, ಅರಬರು ತಲೆವಸ್ತ್ರದ ಮೇಲೆ ಸುತ್ತುವ ಕಪ್ಪು ಹುರಿಗೂ ಅದೇ ಹೆಸರು. ಮನಸ್ಸು ಕಂಡಕಂಡಲ್ಲಿ ನುಗ್ಗದಂತೆ ಹಿಡಿದು ನಿಲ್ಲಿಸುವುದೇ ಅಕಲ್. ಹಂಡೆಗೆ ಕೈ ಹಾಕುವವನಿಗೆ ಬೇಕಾದದ್ದು ಆ ಹಗ್ಗವೇ ಹೊರತು ಬುದ್ಧಿಯಲ್ಲ. ಬುದ್ಧಿಯನ್ನು ನಾವು ನಾಯಿಬುದ್ಧಿ, ಕಳ್ಳಬುದ್ಧಿ ಎಂದು ಗುಣಕ್ಕೂ ಅಂಟಿಸುತ್ತೇವೆ, ಅಕಲ್ಲಿಗೆ ಆ ಅವಮಾನವನ್ನು ಯಾರೂ ಮಾಡಿಲ್ಲ.

1347ರಲ್ಲಿ ಬಹಮನಿಗಳು ಕಲಬುರಗಿಯಲ್ಲಿ ರಾಜಧಾನಿ ಮಾಡಿದಾಗಿನಿಂದ 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ದರಬಾರಿನ ಭಾಷೆ ಮೊದಲು ಪಾರ್ಸಿ, ಕೊನೆಗೆ ಉರ್ದು. ಅರಬ್ಬಿ ಶಬ್ದಗಳು ಇವೆರಡರ ಬೆನ್ನೇರಿ ಬಂದವು, ಉರ್ದುವಿನ ಈ ಕಡೆಯ ರೂಪವಾದ ದಖನಿ ಮಾತಾಡುವ ನೆರೆಮನೆಯವರ ಅಂಗಳದಿಂದ ನಮ್ಮ ಅಡುಗೆಮನೆ ಸೇರಿದವು. ಅಷ್ಟು ಶತಮಾನ ಜೊತೆಗಿದ್ದ ಶಬ್ದಕ್ಕೆ ಈಗ ಪಂಕ್ತಿಯಲ್ಲಿ ಕುಳಿತು ಪೌರತ್ವ ಕೇಳಿದರೆ ಸಿಟ್ಟು ಬಾರದೇ?

ಇದನ್ನೆಲ್ಲ ಹೋಳಿಗೆ ತಣ್ಣಗಾಗುವಷ್ಟು ಹೊತ್ತು ಹೇಳಿದೆ. ಹಿರಿಯರು ಕೊನೆಗೆ, ‘ನಿಮ್ಮ ಕಡೆಯವರಿಗೆ ದಿಮಾಕು ಸ್ವಲ್ಪ ಜಾಸ್ತಿ’ ಎಂದರು.

ಕನ್ನಡವೇ ಎಂದು ಅವರು ಕೇಳಬೇಕಾಗಿದ್ದದ್ದು ದಿಮಾಕೆಂಬ ಆ ಶಬ್ದವನ್ನು. ಅರಬ್ಬಿಯಲ್ಲಿ ‘ದಿಮಾಗ್’ ಎಂದರೆ ಮಿದುಳು. ಉರ್ದುವಿನಲ್ಲಿ ಅದಕ್ಕೆ ಮಿದುಳು, ಬುದ್ಧಿಯ ಜೊತೆಗೆ ಗರ್ವವೆಂಬ ಅರ್ಥವೂ ಇದೆ. ಕನ್ನಡದ ದಿಮಾಕಿನಲ್ಲಿ ಉಳಿದದ್ದು ಗರ್ವ ಮಾತ್ರ, ಮಿದುಳು ದಾರಿಯಲ್ಲೇ ಬಿದ್ದುಹೋಯಿತು. ಯಾಕಿರಬಹುದು? ತಿಳಿವಿಗೆ ನಮ್ಮಲ್ಲಿ ಆಗಲೇ ಶಬ್ದಗಳ ಜಾತ್ರೆ ನೆರೆದಿದ್ದರಿಂದ ಖಾಲಿಯಿದ್ದ ಜಾಗ ಅದೊಂದೇ ಎಂದು ನನ್ನ ಊಹೆ. ಹೇಳೋಣವೆಂದು ತಿರುಗಿದರೆ, ಅವರು ಎಲೆ ಮಡಚಿ ಕೈ ತೊಳೆಯಲು ಹೋಗಿದ್ದರು.