ನಾಲ್ಕನೆಯ ಕೊಕ್ಕೂ ಕೆಟ್ಟ ಮೇಲೆ: ಟಿನ್ ವಿಸಲ್ ಕೊಳ್ಳುವುದೋ, ಮಾಡುವುದೋ

ನಾನೇ ಮಾಡುತ್ತಿರುವ ಟಿನ್ ವಿಸಲಿನ, ಅಂದರೆ ಆರು ರಂಧ್ರಗಳ ಐರಿಷ್ ಲೋಹದ ಕೊಳಲಿನ, ನಾಲ್ಕನೆಯ ಕೊಕ್ಕು (ಊದುವ ತುದಿ) ಕಳೆದ ಭಾನುವಾರ ರಾತ್ರಿ ಕೆಟ್ಟಿತು. ಊದಿದ ಗಾಳಿಯನ್ನು ಸೀಳುವ ಚೂಪು ಅಂಚಾದ ಅಲಗಿನ ಮೇಲೆ ಇನ್ನೊಂದೇ ಸಲ ಅರ ಆಡಿಸಿದರೆ ಮೇಲಿನ ಸ್ಥಾಯಿಯ ಕೊನೆಯ ಎರಡು ಸ್ವರಗಳು ಹದಕ್ಕೆ ಬಂದಾವು ಎಂದುಕೊಂಡೆ. ಅಲ್ಯೂಮಿನಿಯಂ ಮೆತ್ತಗಿನ ಲೋಹವಾದ್ದರಿಂದ ಅಂಚು ಒಳಕ್ಕೆ ಮಡಚಿಕೊಂಡು, ಅದುವರೆಗೆ ತುಂಬಿ ನುಡಿಯುತ್ತಿದ್ದ, ಎಲ್ಲಕ್ಕಿಂತ ಕೆಳಗಿನ ಸ್ವರವಾದ ಡಿ ಕೂಡ ಬರಿಯ ಗಾಳಿಯ ಸದ್ದಾಯಿತು. ಐರ್ಲೆಂಡಿನಲ್ಲಿ ಒಬ್ಬರೇ ಕುಳಿತು ಕೈಯಿಂದಲೇ ವಿಸಲ್ ಮಾಡುವ ತಯಾರಕರೊಬ್ಬರಿಂದ ಒಂದನ್ನು ಕೊಳ್ಳಬೇಕೇ ಬೇಡವೇ ಎಂದು ಆರು ತಿಂಗಳಿಂದ ಮುಂದೂಡುತ್ತಾ ಬಂದಿದ್ದೆ. ಐದನೆಯ ಕೊಕ್ಕಿಗೆ ಕೈಹಾಕುವ ಮೊದಲು ಅದನ್ನು ತೀರ್ಮಾನಿಸಲೇಬೇಕಾಯಿತು.

ಕೊಳವೆ ಮತ್ತು ಆರು ರಂಧ್ರಗಳ ಕೆಲಸ ಈಗ ತೊಂದರೆ ಕೊಡುತ್ತಿಲ್ಲ. 20 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಡಿ ಸ್ವರ 587 ಹರ್ಟ್ಸ್, ಅದರ ಅರ್ಧ ತರಂಗ 292 ಮಿ.ಮೀ.; ಗಾಳಿಯ ಕಂಬ ಎರಡೂ ತುದಿಗಳಿಂದ ಸ್ವಲ್ಪ ಹೊರಗೆ ಚಾಚಿಕೊಳ್ಳುವುದರಿಂದ ನನ್ನ ಕೊಳವೆ ಅಲಗಿನಿಂದ ಬುಡದವರೆಗೆ 267 ಮಿ.ಮೀ.ಗೆ ನಿಂತಿದೆ. ಕಾಡಿದ್ದು ಕೊಳವೆ ಕೊಟ್ಟ ಅಂಗಡಿ. ಒಳವ್ಯಾಸ 12 ಮಿ.ಮೀ. ಇರಲಿ ಎಂದು ಬರೆದುಕೊಟ್ಟಿದ್ದರೂ ಹೊರವ್ಯಾಸ 12 ಇರುವುದನ್ನು ಕಳಿಸಿದರು, ಬದಲಿಸಿ ಕಳಿಸಿದ್ದರ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇತ್ತು. ಈ ಅಲೆದಾಟದಲ್ಲಿ ಎರಡು ವಾರ ಹೋದವು.

ನಿಜವಾದ ಹಟಮಾರಿ ಜಾಗ ಕೊಕ್ಕಿನೊಳಗಿನ ಒಂದು ಬೆರಳಗಲವೂ ಇಲ್ಲದ ಕಿಂಡಿ. ಉಸಿರನ್ನು ಅಲಗಿನತ್ತ ಒಯ್ಯುವ ಕಿರಿದಾದ ಗಾಳಿಮಾರ್ಗದ ಬಾಯಿಂದ ಅಲಗಿನವರೆಗಿನ ಅಂತರವನ್ನು 4 ಮಿ.ಮೀ. ಇಟ್ಟಾಗ ಮೇಲಿನ ಸ್ಥಾಯಿ ಸಲೀಸಾಗಿ ಬಂದಿತು, ಆದರೆ ಕೆಳಗಿನ ಡಿ ಉಸಿರು ಚೂರು ಹೆಚ್ಚಾದರೂ ಒಡೆದು ಮೇಲಕ್ಕೆ ಹಾರುತ್ತಿತ್ತು. 5 ಮಿ.ಮೀ. ಮಾಡಿದಾಗ ಕೆಳಗಿನ ಡಿ ಗಟ್ಟಿಯಾಯಿತು, ಮೇಲಿನ ಎ ಮತ್ತು ಬಿ ಸ್ವರಗಳು ಮಾತ್ರ ಕೆನ್ನೆ ನೋಯುವಷ್ಟು ಊದಿದರೂ ಕಿರುಚಿಕೊಂಡೇ ಬಂದವು. ಗಾಳಿಯ ಪದರ ಕಿಂಡಿಯನ್ನು ದಾಟಲು ತೆಗೆದುಕೊಳ್ಳುವ ಸಮಯವೇ ಯಾವ ಸ್ಥಾಯಿ ನುಡಿಯಬೇಕೆಂದು ನಿರ್ಧರಿಸುವುದರಿಂದ, ಅಂತರ ಹೆಚ್ಚಿದಷ್ಟೂ ಮೇಲೆ ಹೋಗಲು ಹೆಚ್ಚು ವೇಗದ ಉಸಿರು ಬೇಕಾಗುತ್ತದೆ. ನಾಲ್ಕೂವರೆಗೆ ರಾಜಿಯಾದೆ. ಆಗ ತಕರಾರು ಗಾಳಿಮಾರ್ಗದ ಎತ್ತರಕ್ಕೆ ಬಂದು ನಿಂತಿತು: 0.8 ಮಿ.ಮೀ. ಇಟ್ಟರೆ ಐದು ನಿಮಿಷದೊಳಗೆ ಉಸಿರಿನ ತೇವ ಹನಿಗಟ್ಟಿ ದನಿ ಉಡುಗುತ್ತದೆ, 1.1 ಇಟ್ಟರೆ ಒಂದು ಸಾಲು ಮುಗಿಯುವಷ್ಟರಲ್ಲಿ ಎದೆ ಬರಿದಾಗಿ ನಾದಕ್ಕಿಂತ ಸುಯ್ಯೆನ್ನುವ ಸದ್ದೇ ಜಾಸ್ತಿಯಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಕೊಕ್ಕುಗಳೆರಡೂ ಈ 0.3 ಮಿ.ಮೀ. ಒಳಗೇ ಸತ್ತವು.

ಕಾರ್ಖಾನೆಯ ಅಗ್ಗದ ವಿಸಲ್ ನನ್ನಲ್ಲಿದೆ. ಪ್ಲಾಸ್ಟಿಕ್ ಕೊಕ್ಕಿನ ಗಾಳಿಮಾರ್ಗದ ಕೆಳಗಿರುವ ಪೊಳ್ಳನ್ನು ಬ್ಲೂ ಟ್ಯಾಕ್ ಎಂಬ ಮೆತ್ತನೆಯ ಅಂಟಿನಿಂದ ತುಂಬಿದ ಮೇಲೆ ಅದರ ಮೇಲಿನ ಸ್ಥಾಯಿ ಎಷ್ಟೋ ಸುಧಾರಿಸಿತು. ಇದನ್ನು ಮಾಡದವರು ಇವತ್ತೇ ಮಾಡಿ ನೋಡಬೇಕು. ಆದರೂ ಅಚ್ಚಿನಲ್ಲಿ ಎರಕವಾಗಿ ಬಂದ ಗಾಳಿಮಾರ್ಗ ಯಾರ ಉಸಿರಿಗೂ ಹೊಂದಿಸಿದ್ದಲ್ಲ. ಕೈಯಿಂದ ಮಾಡುವವರು ಪ್ರತಿಯೊಂದನ್ನೂ ಊದಿ, ಅಲಗು ತಿದ್ದಿ, ಮತ್ತೆ ಊದುತ್ತಾರೆ. ಬೆಲೆ ಇರುವುದೇ ಆ ತಿದ್ದುವಿಕೆಗೆ, ಮತ್ತು ಅದು ನ್ಯಾಯವಾದ ಬೆಲೆ ಎಂದು ನಾಲ್ಕು ಕೊಕ್ಕು ಕೆಡಿಸಿದ ಮೇಲೆ ನನಗೆ ಮನವರಿಕೆಯಾಗಿದೆ. ಹಿಂದೆಗೆಯುತ್ತಿದ್ದುದಕ್ಕೆ ಕಾರಣ ಹಣವೊಂದೇ ಅಲ್ಲ, ಊದಿ ನೋಡದೆ ಕೊಳ್ಳಬೇಕಲ್ಲ ಎಂಬುದು. ಅಂಚೆ ವೆಚ್ಚ, ಕಸ್ಟಮ್ಸ್ ಸುಂಕ ಎಲ್ಲ ಕಟ್ಟಿ ತರಿಸಿದ ಮೇಲೆ ನನ್ನ ಉಸಿರಿಗೆ ಒಗ್ಗದಿದ್ದರೆ ಹಿಂದಿರುಗಿಸುವುದು ಸುಲಭವಲ್ಲ.

ಹಾಗಾಗಿ ತಯಾರಕರಿಗೇ ಪತ್ರ ಬರೆದೆ. ಅವರು ಬೆಲೆಯ ಮಾತೆತ್ತುವ ಮೊದಲು, ಯಾರೊಂದಿಗೆ, ಎಂಥ ಜಾಗದಲ್ಲಿ, ಏನನ್ನು ನುಡಿಸುತ್ತೀರಿ ಎಂದು ಕೇಳಿದರು. ನಾನು ತಂಬೂರಿಯೊಂದಿಗೆ ಮನೆಯಲ್ಲೇ ನುಡಿಸುವವನು. ಡಿ ಸ್ವರವನ್ನು, ಅಂದರೆ ಬಿಳಿ ಎರಡನ್ನು, ಷಡ್ಜವಾಗಿಟ್ಟರೆ ಶಂಕರಾಭರಣವೂ, ಮೇಲಿನ ಮೂರು ರಂಧ್ರ ಮುಚ್ಚಿ ಬರುವ ಜಿ ಸ್ವರವನ್ನು ಷಡ್ಜವಾಗಿಟ್ಟರೆ ಕಲ್ಯಾಣಿಯೂ ಬೆರಳನ್ನು ಅಡ್ಡಾದಿಡ್ಡಿ ಇಡದೆ ದಕ್ಕುತ್ತವೆ, ಗಮಕಕ್ಕೆ ರಂಧ್ರವನ್ನು ಅರ್ಧ ಮುಚ್ಚಿ ಜಾರಿಸುತ್ತೇನೆ ಎಂದು ವಿವರವಾಗಿ ಬರೆದೆ. ಹಾಗಿದ್ದರೆ ಒಳವ್ಯಾಸ ತುಸು ಕಿರಿದಾಗಿರಲಿ, ಮೇಲಿನ ಸ್ವರಗಳು ಮೆಲ್ಲನೆಯ ಉಸಿರಿಗೇ ಬರುತ್ತವೆ, ಕೆಳಗಿನವು ಸ್ವಲ್ಪ ಮೆತ್ತಗಾಗುವುದನ್ನು ಒಪ್ಪಿಕೊಳ್ಳಬೇಕು ಎಂದು ಉತ್ತರ ಬಂತು. ಒಂದು ಡಿಗ್ರಿ ಉಷ್ಣತೆಗೆ ಸುಮಾರು 3 ಸೆಂಟ್ಸ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ಅಂತರದಲ್ಲಿ ನೂರರ ಒಂದು ಪಾಲು) ಶ್ರುತಿ ಏರುವುದರಿಂದ, ಅವರ ಚಳಿಯ ಕೊಠಡಿಯಲ್ಲಿ ಕೂಡಿಸಿದ್ದು ನಮ್ಮ ಏಪ್ರಿಲ್ ತಿಂಗಳಲ್ಲಿ ತಂಬೂರಿಗಿಂತ ಮೇಲೇಳಬಾರದೆಂದು ಜಾರಿಸಿ ಶ್ರುತಿ ಮಾಡುವ ಕೊಕ್ಕನ್ನೇ ಕೇಳಿದೆ.

ಇದರ ನಡುವೆಯೇ ಮುಂದಿನ ಕೆಲಸವೂ ತಲೆಯಲ್ಲಿ ಕುಳಿತಿದೆ: ಒಂದು ಸ್ಥಾಯಿ ಕೆಳಗೆ ನುಡಿಯುವ ದೊಡ್ಡ ವಿಸಲ್, ಲೋ ಡಿ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಸಲ್ ತಯಾರಕ ಬರ್ನಾರ್ಡ್ ಓವರ್ಟನ್ ಅವರು ಐರಿಷ್ ವಾದಕ ಫಿನ್ಬಾರ್ ಫ್ಯೂರಿ ಅವರಿಗಾಗಿ ಅಲ್ಯೂಮಿನಿಯಂನಲ್ಲಿ ಅದನ್ನು ಮಾಡಿಕೊಟ್ಟದ್ದು, ಫ್ಯೂರಿ ಅವರ ಬಳಿಯಿದ್ದ ಭಾರತದ ಬಿದಿರಿನ ವಿಸಲ್ ಒಡೆದುಹೋದ ಕಾರಣಕ್ಕೆ. ನಮ್ಮ ಬಿದಿರಿನ ಜಾಗಕ್ಕೆ ಬಂದ ಆ ಲೋಹದ ಕೊಳವೆಯನ್ನು ಇಲ್ಲಿ ಮತ್ತೆ ಬಿದಿರಿನಲ್ಲೇ ಮಾಡಿ ನೋಡಬೇಕೆಂಬ ಆಸೆ ನನಗೆ ಬಹಳ ಇದೆ.

ಕೊಳ್ಳುವ ಮೊದಲು ಇನ್ನೊಂದು ವಿಷಯ ಕೇಳಲೇಬೇಕಿತ್ತು. ನಿಮ್ಮ ವಿಸಲಿನ ಒಳಗನ್ನು ಕಲಿಯುವುದಕ್ಕಾಗಿ ಅಳೆಯಬಹುದೇ, ಅದರಂತೆ ಮಾಡಿ ಮಾರುವುದಿಲ್ಲ ಎಂದು ಬರೆದೆ. ಒಬ್ಬರು ವರ್ಷಗಟ್ಟಲೆ ಕೆಡಿಸಿ ಕಲಿತದ್ದನ್ನು ಹೇಳದೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ತೆಗೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ಧಾರಾಳವಾಗಿ ಅಳೆಯಿರಿ, ಆದರೆ ಗಾಳಿಮಾರ್ಗವನ್ನು ಒಳಬರುವ ಕಡೆ ಒಮ್ಮೆ, ಹೊರಹೋಗುವ ಕಡೆ ಒಮ್ಮೆ ಅಳೆಯಿರಿ ಎಂದು ಅವರು ಉತ್ತರಿಸಿದರು.

ಅದನ್ನು ಓದಿ ಎದ್ದುಹೋಗಿ ಕೆಟ್ಟ ನಾಲ್ಕು ಕೊಕ್ಕುಗಳನ್ನೂ ಡಬ್ಬಿಯಿಂದ ತೆಗೆದು ನೋಡಿದೆ. ನಾಲ್ಕರಲ್ಲೂ ಗಾಳಿಮಾರ್ಗದ ಚಾವಣಿ ಮತ್ತು ನೆಲ ಸಮಾನಾಂತರವಾಗಿದ್ದವು. ಎತ್ತರವನ್ನು ಒಂದೇ ಅಂಕಿಯೆಂದು ನಂಬಿ ನಾನು 0.8ಕ್ಕೂ 1.1ಕ್ಕೂ ನಡುವೆ ಓಡಾಡುತ್ತಿದ್ದೆ. ಮುಂಗಡವನ್ನು ಅಂದೇ ಕಳಿಸಿದೆ. ಎಂಟು ವಾರ ಕಾಯಬೇಕು. ಐದನೆಯ ಕೊಕ್ಕಿಗೆ ಗಾಳಿಮಾರ್ಗದ ನೆಲವಾಗುವ ತೇಗದ ಬೆಣೆಯನ್ನು ಕೊಯ್ದು, ತುಟಿಯ ಕಡೆ 1.3, ಕಿಂಡಿಯ ಕಡೆ 0.9 ಬರುವಂತೆ ಇಳಿಜಾರಾಗಿ ಉಜ್ಜಿದ್ದೇನೆ; ನಾಳೆ ಬೆಳಿಗ್ಗೆ ಊದಿ ನೋಡುತ್ತೇನೆ.