ಅಡಿಕೆ ಸಾಲಿಗೆ ಹೊಂದುವ ಟ್ರ್ಯಾಕ್ಟರ್: ನಮ್ಮ ತೋಟದ ದಿನಚರಿ

ಫೆಬ್ರವರಿ ಕೊನೆ ವಾರ

ನಮ್ಮದು ಗುಬ್ಬಿ ತಾಲ್ಲೂಕು. ಒಟ್ಟು ನಾಲ್ಕೂವರೆ ಎಕರೆ. ಎರಡು ಎಕರೆ ಅಡಿಕೆ, ಒಂದೂವರೆ ಎಕರೆ ತೆಂಗು, ಉಳಿದ ಒಂದು ಎಕರೆ ರಾಗಿ ಹೊಲ. ಇಷ್ಟು ದಿನ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್, ತೋಟದೊಳಗೆ ಚಿಕ್ಕಪ್ಪನ ಪವರ್ ಟಿಲ್ಲರ್. ಟಿಲ್ಲರ್‌ಗೆ ಇಪ್ಪತ್ತು ವರ್ಷ ಆಗಿದೆ, ಈಗಲೂ ಗಟ್ಟಿಯಾಗಿದೆ. ಆದರೆ 13 ಎಚ್‌ಪಿ ಯಂತ್ರದ ಹಿಂದೆ ದಿನವಿಡೀ ನಡೆಯುವುದು ಚಿಕ್ಕಪ್ಪನಿಗೆ ಈಗ ಆಗಲ್ಲ. ನಾನು ಹಿಡಿದರೂ ಎರಡನೇ ದಿನ ಭುಜ ಎತ್ತಲಾಗುವುದಿಲ್ಲ.

ಮಿನಿ ಟ್ರ್ಯಾಕ್ಟರ್ ಯೋಚನೆ ಬಂದದ್ದು ಹೋದ ವರ್ಷ. ಮಳೆ ಬಿದ್ದ ಮೇಲೆ ನಮ್ಮ ಕೆಂಪು ಮಣ್ಣು ಹದವಾಗಿರುವುದು ಮೂರು, ಜಾಸ್ತಿ ಅಂದರೆ ನಾಲ್ಕು ದಿನ. ಆ ನಾಲ್ಕು ದಿನ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು. ನಮ್ಮ ಸರದಿ ಬಂದದ್ದು ಒಂಬತ್ತನೇ ದಿನ. ಅಷ್ಟೊತ್ತಿಗೆ ನೆಲ ಗಟ್ಟಿಯಾಗಿತ್ತು, ಹೆಂಟೆ ಹೆಂಟೆಯಾಗಿ ಎದ್ದಿತು. ಆ ಸಲ ರಾಗಿ ಪೈರು ತೆಳ್ಳಗೆ ಬಂತು.

ಅಪ್ಪ ಒಂದೇ ಮಾತು ಕೇಳಿದರು: "ತಂದ್ರೆ ತೋಟದೊಳಕ್ಕೆ ಹೋಗುತ್ತೇನಪ್ಪ ಅದು?" ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದಕ್ಕೇ ಒಂದು ತಿಂಗಳು ಹಿಡಿಯಿತು.

ಮಾರ್ಚ್ ಮೊದಲ ವಾರ

ನಾನು ಮಾಡಿದ ಮೊದಲ ತಪ್ಪು ಎಚ್‌ಪಿ ನೋಡಲು ಶುರು ಮಾಡಿದ್ದು. ಹುಡುಕಿದರೆ ಎಲ್ಲ ಕಡೆ ಅದೇ ಸಂಖ್ಯೆ ಕಣ್ಣಿಗೆ ಬೀಳುತ್ತದೆ. ವಿಎಸ್‌ಟಿ ಎಂಟಿ 180ಡಿ 18.5 ಎಚ್‌ಪಿ. ಮಹೀಂದ್ರ ಜೀವೊ 245 ಮತ್ತು ಕುಬೋಟ ನಿಯೋಸ್ಟಾರ್ ಬಿ2441 ಎರಡೂ 24. ಜಾನ್ ಡಿಯರ್ 3028 ಇಎನ್ 28. ಪಟ್ಟಿ ಹಿಡಿದು ಕೂತರೆ ದೊಡ್ಡ ಸಂಖ್ಯೆಯೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮ ತೋಟ ಮೊದಲು ಕೇಳುವುದು ಅಗಲವನ್ನು.

ಹಾಗಾಗಿ ಪಟ್ಟಿ ಬದಿಗಿಟ್ಟು ಟೇಪು ಹಿಡಿದೆ. ನಮ್ಮ ಅಡಿಕೆ 9 ಅಡಿಗೆ 9 ಅಡಿ ಲೆಕ್ಕದಲ್ಲಿ ನೆಟ್ಟದ್ದು. ಲೆಕ್ಕ ಹಾಗಿದೆ, ನೆಲದ ಮೇಲೆ ಹಾಗಿಲ್ಲ. ಮೂವತ್ತು ವರ್ಷದ ಹಿಂದೆ ಹಗ್ಗ ಎಳೆದು ಗುಂಡಿ ತೆಗೆದದ್ದು. ಎಲ್ಲೋ ಹಗ್ಗ ಸಡಿಲ ಆಗಿದೆ, ಎಲ್ಲೋ ಸತ್ತ ಗಿಡದ ಪಕ್ಕ ಹೊಸ ಸಸಿ ಬಂದಿದೆ. ಕೆಲವು ಮರ ಬೆಳಕಿಗೆ ವಾಲಿವೆ. ಅತಿ ಇಕ್ಕಟ್ಟಾದ ಜಾಗದಲ್ಲಿ ಮರದಿಂದ ಮರಕ್ಕೆ 7 ಅಡಿ 4 ಇಂಚು ಮಾತ್ರ ಇತ್ತು.

ಟೇಪು ಹಿಡಿದು ಸಾವಿರ ಮರ ಅಳೆಯಲು ಆಗುವುದಿಲ್ಲ. ಒಂದು ಬಿದಿರು ಕೋಲನ್ನು ನಾಲ್ಕೂವರೆ ಅಡಿಗೆ ಕಡಿದು, ಅದರ ಎರಡು ತುದಿಗೆ ಎರಡೆರಡು ಅಡಿ ದೂರಕ್ಕೆ ಕೆಂಪು ಟೇಪು ಸುತ್ತಿದ ಕಡ್ಡಿ ಕಟ್ಟಿದೆ. ನಡುವಿನ ನಾಲ್ಕೂವರೆ ಅಡಿ ಗಾಡಿಗೆ, ಆಚೀಚೆ ಎರಡಡಿ ಬೇರಿಗೆ. ಅದನ್ನು ಅಡ್ಡ ಹಿಡಿದು ಪ್ರತಿ ಸಾಲಲ್ಲೂ ನಡೆದೆ. ಬಿದಿರು ತಾಗಿದರೆ ಆ ಮರಕ್ಕೆ ಸುಣ್ಣದ ಗುರುತು, ಬರೀ ಕಡ್ಡಿ ತಾಗಿದರೆ ಅರ್ಧ ಗುರುತು. ಎರಡು ಬೆಳಗ್ಗೆ ಸಾಕಾಯಿತು. ಪೂರ್ತಿ ಗುರುತು ಒಂದು ಮರಕ್ಕೂ ಬೀಳಲಿಲ್ಲ. ಅರ್ಧ ಗುರುತು ನಲವತ್ತರ ಮೇಲೆ.

ಟ್ರ್ಯಾಕ್ಟರ್ ಕೊಳ್ಳಬೇಕು ಅಂತಿರುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಕೋಲಿನ ಕೆಲಸವನ್ನೇ. ಖರ್ಚು ಏನೂ ಇಲ್ಲ.

ಇನ್ನೊಂದು ವಿಷಯ ಆಗ ಗೊತ್ತಾಯಿತು. ರೋಟವೇಟರ್ ಅಂದರೆ ಗಾಡಿ ಹಿಂದೆ ಕಟ್ಟುವ, ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ಸಲಕರಣೆ. ಅದು 4 ಅಡಿ ಅಂದರೆ ಬ್ಲೇಡ್ ಓಡುವ ಅಗಲ ಅಷ್ಟೇ. ಪಕ್ಕದ ಚೈನ್ ಡಬ್ಬಿ, ತಗಡು ಸೇರಿದರೆ ನಾಲ್ಕೂವರೆ ಹತ್ತಿರ ಬರುತ್ತದೆ. ಮರಕ್ಕೆ ತಾಗುವುದು ಆ ಡಬ್ಬಿಯೇ.

ಮಾರ್ಚ್ ಮೂರನೇ ವಾರ

ಸಾಲಿನ ಅಗಲ ಸಿಕ್ಕಿತು, ಸಾಲಿನ ಕೊನೆ ಮರೆತಿದ್ದೆ. ಗಾಡಿ ತಿರುಗಬೇಕಲ್ಲ! ನಮ್ಮ ತೋಟದ ಪಡುವಣ ಅಂಚಿನಲ್ಲಿ ಕೊನೆ ಮರಕ್ಕೂ ಬೇಲಿಗೂ ಇರುವುದು 8 ಅಡಿ. ಹಿಂದೆ ರೋಟವೇಟರ್ ಎತ್ತಿಕೊಂಡು ತಿರುಗಬೇಕೆಂದರೆ 12 ಅಡಿಯಾದರೂ ಬೇಕು. ಬೇಲಿ ಆಚೆ ಪಕ್ಕದವರ ಜಮೀನು, ಸರಿಸುವ ಮಾತಿಲ್ಲ. ಅಂಚಿನ ಸಾಲಿನಲ್ಲಿ ಆರು ಹಳೇ ಮರ ಇವೆ, ಹೊಂಬಾಳೆ ಬಿಡುವುದು ಕಡಿಮೆ ಆಗಿದೆ. ಅವನ್ನು ತೆಗೆದರೆ ದಾರಿ ಆಗುತ್ತದೆ. ಅವು ಅಪ್ಪ ಮೊದಲ ವರ್ಷ ನೆಟ್ಟ ಮರಗಳು. ನಾನು ಬಾಯಿ ಬಿಡಲಿಲ್ಲ. ನಾಲ್ಕು ದಿನ ಬಿಟ್ಟು ಅಪ್ಪನೇ ಕಾಫಿ ಕುಡಿಯುತ್ತಾ "ಆ ಆರು ಮರ ತೆಗೀರಿ" ಅಂದರು.

ಏಪ್ರಿಲ್, ಯುಗಾದಿ ಆದಮೇಲೆ

ಅಂಗಡಿಯ ಅಂಗಳದಲ್ಲಿ ಓಡಿಸಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ತೋಟಕ್ಕೇ ತಂದು, ರೋಟವೇಟರ್ ಕಟ್ಟಿಯೇ ತೋರಿಸಿ ಅಂತ ಕೇಳಿದೆ. ಇಬ್ಬರು ಡೀಲರ್ ತಂದರು. ಹಿಂದಿನ ದಿನ ಡ್ರಿಪ್ ಬಿಟ್ಟು ಒಂದು ಸಾಲು ಬೇಕಂತಲೇ ಒದ್ದೆ ಮಾಡಿದ್ದೆ. ಮೊದಲು ಬಂದದ್ದು ಎರಡು ಚಕ್ರದ ಎಳೆತದ ಗಾಡಿ. ಒಣ ಸಾಲಲ್ಲಿ ಚೆನ್ನಾಗಿ ಹೋಯಿತು, ಒದ್ದೆ ಸಾಲಲ್ಲಿ ಹಿಂದಿನ ಗಾಲಿ ಜಾರಿ ಮರದ ಕಡೆ ಎಳೆಯಿತು. ಎರಡನೆಯದು ಫೋರ್ ವೀಲ್ ಡ್ರೈವ್, ನೇರ ಹೋಯಿತು. ಆ ಒಂದು ಸಾಲು ನೋಡಿದ ಮೇಲೆ ನಮ್ಮ ತೀರ್ಮಾನ ಆಯಿತು. ಒಣ ಹೊಲ ಮಾತ್ರ ಇರುವವರಿಗೆ ಇದು ಬೇಡವೇನೋ. ನೀರು ಹಾಯಿಸುವ ತೋಟಕ್ಕೆ ಬೇಕು.

ಎಚ್‌ಪಿ ಬಗ್ಗೆ ಒಂದು ಮಾತು. 24 ಅಂತ ಬರೆದಿರುವುದು ಎಂಜಿನ್ನಿನ ಶಕ್ತಿ. ರೋಟವೇಟರ್ ತಿರುಗಿಸುವುದು ಪಿಟಿಒ, ಅಂದರೆ ಗಾಡಿಯ ಹಿಂದೆ ತಿರುಗುವ ಶಾಫ್ಟ್. ಅಲ್ಲಿಗೆ ತಲುಪುವುದು ಕಡಿಮೆ. ಎರಡು ಗಾಡಿ ಹೋಲಿಸುವಾಗ ಪಿಟಿಒ ಎಚ್‌ಪಿ ಮತ್ತು ಹೈಡ್ರಾಲಿಕ್ ಎಷ್ಟು ಕೆಜಿ ಎತ್ತುತ್ತದೆ ಅನ್ನುವುದನ್ನು ಕೇಳಿ ಬರೆದುಕೊಂಡೆ.

ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್, ಎಫ್‌ಐಡಿ (ರೈತರ ನೋಂದಣಿ) ನಂಬರ್ ಕೊಟ್ಟು ಅರ್ಜಿ ಹಾಕಿದೆವು. ಅರ್ಜಿ ಮೊದಲು, ಖರೀದಿ ಆಮೇಲೆ. ಈ ಕ್ರಮ ತಪ್ಪಬಾರದು.

ಮೇ 12

ಗಾಡಿ ಬಂತು. 24 ಎಚ್‌ಪಿ, ಫೋರ್ ವೀಲ್. ಜೊತೆಗೆ 4 ಅಡಿ ರೋಟವೇಟರ್, ಐದು ಗುಳದ ಕಲ್ಟಿವೇಟರ್. ಟ್ರೇಲರ್ ಸೆಕೆಂಡ್ ಹ್ಯಾಂಡ್. ಅಮ್ಮ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ಅಪ್ಪ ಸೀಟಿನ ಮೇಲೆ ಕೂತು ಐದು ನಿಮಿಷ ಸುಮ್ನೆ ಸ್ಟೇರಿಂಗ್ ಹಿಡಿದಿದ್ದರು.

ಮೇ 20

ಆರು ಮರ ಕಡಿಸಿ ಬೊಡ್ಡೆ ಕೀಳಿಸಿದೆವು. ಸರಪಳಿಯನ್ನು ಹಿಂದೆ ಎತ್ತರದಲ್ಲಿರುವ ಟಾಪ್ ಲಿಂಕ್ ಪಿನ್ನಿಗೆ ಹಾಕಲು ಹೊರಟಿದ್ದೆ. ಚಿಕ್ಕಪ್ಪ ಕೈ ಹಿಡಿದು ನಿಲ್ಲಿಸಿದರು. ಎತ್ತರದಿಂದ ಎಳೆದಾಗ ಬೊಡ್ಡೆ ಬರದಿದ್ದರೆ ಮುಂದಿನ ಗಾಲಿ ಮೇಲೆದ್ದು ಗಾಡಿ ಹಿಂದಕ್ಕೆ, ಓಡಿಸುವವನ ಮೇಲೇ ಮಗುಚುತ್ತದೆ. ಸರಪಳಿ ಯಾವಾಗಲೂ ಕೆಳಗಿನ ಡ್ರಾಬಾರಿಗೆ. ಸುತ್ತ ಬೇರು ಕಡಿದು, ಮೊದಲ ಗೇರಿನಲ್ಲಿ, ನಿಧಾನ. ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯಿತು.

ಅಡಿಕೆಗೆ ಹೊಂದಲಿ ಅಂತ ಗಾಲಿಗಳನ್ನು ಒಳಕ್ಕೆ ಮಾಡಿ ಕೂರಿಸಿದ್ದೇವೆ. ಸಾಲಲ್ಲಿ ಅದು ಅನುಕೂಲ, ಬದುವಿನ ಮೇಲೆ ಅಪಾಯ. ಬದುವನ್ನು ಓರೆಯಾಗಿ ದಾಟುವಾಗ ಒಂದು ಗಾಲಿ ನೆಲ ಬಿಟ್ಟದ್ದು ನನಗೆ ಗೊತ್ತಾಯಿತು. ಈಗ ಬದು ಎದುರಿಗೆ ಬಂದರೆ ನೇರಕ್ಕೇ ದಾಟುವುದು.

ಜೂನ್ 3, ರೋಹಿಣಿ ಮಳೆ

ಹದ ಬಂದ ಎರಡನೇ ದಿನವೇ ರಾಗಿ ಹೊಲಕ್ಕೆ ಕಲ್ಟಿವೇಟರ್ ಹೊಡೆದೆವು. ಒಂದು ಎಕರೆ, ಒಂದೂವರೆ ಗಂಟೆ. ಮಣ್ಣು ಪುಡಿಪುಡಿಯಾಗಿ ಬಿತ್ತು. ಇದಕ್ಕೇ ಅಲ್ಲವೇ ಇಷ್ಟೆಲ್ಲ ಓಡಾಡಿದ್ದು ಅನ್ನಿಸಿತು.

ಜೂನ್ 14

ಕೆಟ್ಟ ದಿನ. ಅಡಿಕೆ ತೋಟಕ್ಕೆ ರೋಟವೇಟರ್ ಇಳಿಸಿದೆ. ಮೂರನೇ ಸಾಲಲ್ಲಿ ಹುಲ್ಲಿನ ಅಡಿ ಇದ್ದ ಡ್ರಿಪ್ ಪೈಪು ಸಿಕ್ಕಿತು. 16 ಎಂಎಂ ಲ್ಯಾಟರಲ್, ಸುಮಾರು ನಲವತ್ತು ಅಡಿ, ಬ್ಲೇಡುಗಳ ಸುತ್ತ ನೂಲಿನ ಉಂಡೆ ಹಾಗೆ ಸುತ್ತಿಕೊಂಡಿತು. ಎಂಜಿನ್ ಆಫ್ ಮಾಡಿ, ರೋಟವೇಟರ್ ಕೆಳಗೆ ಕಲ್ಲು ಕೊಟ್ಟು, ಕುಡುಗೋಲಿನಲ್ಲಿ ಕೊಯ್ದು ತೆಗೆಯಲು ಎರಡು ಗಂಟೆ ಬೇಕಾಯಿತು.

ಅದಕ್ಕಿಂತ ಬೇಜಾರಾದದ್ದು ಆಮೇಲೆ. ಹೊಡೆದ ಸಾಲಲ್ಲಿ ಅಪ್ಪ ನಿಧಾನ ನಡೆದುಕೊಂಡು ಬಂದರು. ಬಗ್ಗಿ ಒಂದು ಹಿಡಿ ಎತ್ತಿ ತೋರಿಸಿದರು. ಬೆಳ್ಳಗೆ, ಪೆನ್ಸಿಲ್ ದಪ್ಪದ ಬೇರಿನ ತುಂಡುಗಳು. "ನೋಡಪ್ಪ, ಇದು ಕಳೆ ಅಲ್ಲ" ಅಂದರು.

ಅಡಿಕೆಗೆ ತಾಯಿಬೇರು ಇಲ್ಲ. ಬುಡದಿಂದ ಎಲ್ಲ ಕಡೆಗೂ ಹರಡುವ ಬೇರುಗಳೇ ಅದಕ್ಕೆ ಎಲ್ಲ. ಹೆಚ್ಚಿನವು ಬುಡದಿಂದ ಮೂರಡಿ ಒಳಗೆ, ಮೇಲಿನ ಎರಡು ಅಡಿ ಮಣ್ಣಲ್ಲೇ ಇರುತ್ತವೆ. ನಾನು ಬಿಟ್ಟಿದ್ದು ಎರಡಡಿ. ಆಳ ಇಟ್ಟಿದ್ದು ಆರು ಇಂಚು. 9 ಅಡಿ ಸಾಲಲ್ಲಿ ಆಚೀಚೆ ಮೂರು ಮೂರಡಿ ಬಿಟ್ಟರೆ ಉಳಿಯುವುದು ಮೂರೇ ಅಡಿ. ಅಲ್ಲಿಗೆ 4 ಅಡಿ ರೋಟವೇಟರ್ ಹೇಗೆ ಇಳಿಸಿದರೂ ಬೇರು ಕಡಿಯುತ್ತದೆ. ಕೋಲು ಹಿಡಿದು ನಡೆದಾಗ ನಾನು ಗಾಡಿಗೆ ಜಾಗ ಇದೆಯಾ ಅಂತ ನೋಡಿದ್ದೆ. ಬೇರಿಗೆ ಎಷ್ಟು ಬಿಡಬೇಕು ಅಂತ ಅಪ್ಪನನ್ನು ಕೇಳಿರಲಿಲ್ಲ.

ಜೂನ್ 25, ಆರಿದ್ರಾ

ಅಡಿಕೆಗೆ ರೋಟವೇಟರ್ ಇನ್ನು ಇಲ್ಲ. ಹುಲ್ಲು ಕತ್ತರಿಸುವ ಸ್ಲ್ಯಾಷರ್ ತಂದೆವು, 4 ಅಡಿಯದು. ಇದು ನೆಲ ಮುಟ್ಟುವುದಿಲ್ಲ. ಎರಡು ಮೂರು ಇಂಚು ಮೇಲೆ ಹುಲ್ಲು ಕತ್ತರಿಸಿ ಅಲ್ಲೇ ಹರಡುತ್ತದೆ. ಬೇರು ಉಳಿಯಿತು, ಮೇಲೆ ಹೊದಿಕೆ ಆಯಿತು, ಮಳೆ ನೀರಿಗೆ ಮಣ್ಣು ಕೊಚ್ಚಿ ಹೋಗುವುದೂ ನಿಂತಿತು. ಲ್ಯಾಟರಲ್‌ಗಳನ್ನೆಲ್ಲ ಮರದ ಸಾಲಿಗೆ ಒತ್ತಿ, ತಂತಿಯ ಕೊಕ್ಕೆ ಹೊಡೆದು ಕೂರಿಸಿದೆವು. ಗಾಡಿ ಇನ್ನು ಮೂಡಣ ಪಡುವಣ ಮಾತ್ರ ಓಡುತ್ತದೆ. ಅಡ್ಡ ಓಡಿಸುವುದಿಲ್ಲ.

ಪಿಟಿಒ ಬಗ್ಗೆ ಇಲ್ಲೇ ಬರೆದುಬಿಡುತ್ತೇನೆ. ನಾವೆಲ್ಲ ತೋಟಕ್ಕೆ ಹೋಗುವುದು ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಟವೆಲ್ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ನಮ್ಮಲ್ಲಿ ಈಗ ಗಾಡಿ ಹತ್ತುವವರು ಪ್ಯಾಂಟು ಹಾಕಲೇಬೇಕು. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿಡುವುದಿಲ್ಲ. ಇಳಿಯುವ ಮೊದಲು ಪಿಟಿಒ ಬಂದ್. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಳ್ಳುವುದು ಊರಲ್ಲಿ ಎಲ್ಲರಿಗೂ ರೂಢಿ. ನಮ್ಮ ಮನೆಯಲ್ಲಿ ಅದು ಬೇಡ ಅಂತ ಕಡ್ಡಾಯವಾಗಿ ಹೇಳಿದ್ದೇನೆ.

ಜುಲೈ

50 ಗಂಟೆಗೆ ಮೊದಲ ಸರ್ವಿಸ್. ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿತು. ಹೊಸ ಗಾಡಿಯ ನಟ್ಟು ಬೋಲ್ಟು ಸಡಿಲ ಆಗಿರುತ್ತವೆ, ನಾವೇ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬಿಗಿ ಮಾಡಿದೆವು. ರಾಗಿ ಬಿತ್ತಿದ್ದಾಯಿತು, ಮಧ್ಯೆ ಸಾಲಿಗೆ ಅವರೆ.

ಸೆಪ್ಟೆಂಬರ್, ಉತ್ತರೆ ಮಳೆ

ಈ ಸಲ ತೆಂಗಿನ ಕಡೆ ಕೆಲಸ. ಮೂವತ್ತು ಅಡಿ ಅಂತರ ಇರುವುದರಿಂದ ಇಲ್ಲಿ ಗಾಡಿ ನಿರಾಳವಾಗಿ ತಿರುಗುತ್ತದೆ. ಬುಡದಿಂದ ಆರೂವರೆ ಅಡಿ ಬಿಟ್ಟು, ನಡುವೆ ಮಾತ್ರ ಮೇಲೆ ಮೇಲೆ ರೋಟವೇಟರ್ ಹೊಡೆದೆವು. ಜುಲೈ ಕೊನೆಯಲ್ಲಿ ಅಪ್ಸೆಣಬು ಚೆಲ್ಲಿದ್ದೆವು. ಹೂ ಬರುವ ಹೊತ್ತಿಗೆ ಅದನ್ನು ಮಣ್ಣಿಗೆ ಸೇರಿಸಿದ್ದು ರೋಟವೇಟರಿನ ಅತಿ ಒಳ್ಳೆಯ ಕೆಲಸ. ಎಕರೆಗೆ ಎರಡು ಗಂಟೆ, ಗಂಟೆಗೆ ಮೂರು ಲೀಟರ್ ಡೀಸೆಲ್.

ಒಂದು ತೆಂಗಿನ ಮರ ತಿಂಗಳಿಗೆ ಒಂದು ಗರಿ ಉದುರಿಸುತ್ತದೆ. ನಮ್ಮ ಎಪ್ಪತ್ತು ಮರಕ್ಕೆ ವರ್ಷಕ್ಕೆ ಎಂಟುನೂರು ಗರಿಯ ಮೇಲೆ. ಹಂಡೆ ಒಲೆಗೆ ಅಷ್ಟು ಬೇಡ. ಉಳಿದದ್ದು ಇಷ್ಟು ದಿನ ಬದುವಿನಲ್ಲಿ ರಾಶಿ ಬಿದ್ದು ಗೆದ್ದಲು ಹಿಡಿಯುತ್ತಿತ್ತು. ಬಾಡಿಗೆಗೆ ಶ್ರೆಡ್ಡರ್ ತಂದು ಒಂದು ದಿನ ಪುಡಿ ಮಾಡಿಸಿ, ಪಾತಿಗೆ ಹಾಕಿದೆವು. ಶ್ರೆಡ್ಡರ್ ಕೊಳ್ಳುವುದು ಬೇಡ, ವರ್ಷಕ್ಕೆ ಎರಡು ದಿನದ ಕೆಲಸ.

ಅಕ್ಟೋಬರ್, ಆಯುಧ ಪೂಜೆ

ಗಾಡಿ ತೊಳೆದು, ಬೂದುಗುಂಬಳ ಒಡೆದು, ಮೀಟರ್ ನೋಡಿದೆ: 118 ಗಂಟೆ. ನನ್ನ ಪುಸ್ತಕದ ಪ್ರಕಾರ ಟ್ರೇಲರ್ 46, ಸ್ಲ್ಯಾಷರ್ 31, ರೋಟವೇಟರ್ 22, ಸ್ಪ್ರೇ ಪಂಪ್ 11, ಉಳಿದದ್ದು ಕಲ್ಟಿವೇಟರ್ ಮತ್ತು ಚಿಲ್ಲರೆ ಕೆಲಸ. ರೋಟವೇಟರಿಗಾಗಿ ಗಾಡಿ ಕೊಂಡೆ ಅಂದುಕೊಂಡಿದ್ದೆ. ದುಡಿದದ್ದು ಟ್ರೇಲರ್. ಕೊಟ್ಟಿಗೆ ಗೊಬ್ಬರ, ಅಡಿಕೆ ಗೊನೆ, ತೆಂಗಿನಕಾಯಿ, ರಾಸುಗಳ ಮೇವು, ಎಲ್ಲ ತಲೆ ಮೇಲೆ ಹೊರುತ್ತಿದ್ದದ್ದು.

ದುಡ್ಡಿನ ಲೆಕ್ಕ ನೇರವಾಗಿ ಹೇಳಬೇಕು. ಬಾಡಿಗೆಗೆ ನಾವು ಕೊಡುತ್ತಿದ್ದದ್ದು ಗಂಟೆಗೆ 900. 118 ಗಂಟೆಗೆ ಒಂದು ಲಕ್ಷ ಆರು ಸಾವಿರ. ಡೀಸೆಲ್, ಸಾಲದ ಕಂತು ಕಳೆದರೆ ನಾಲ್ಕೂವರೆ ಎಕರೆಗೆ ಸ್ವಂತ ಗಾಡಿ ಇನ್ನೂ ಲಾಭ ಅಲ್ಲ. ಚಿಕ್ಕಪ್ಪನ ಮೂರು ಎಕರೆ, ಪಕ್ಕದ ತೋಟದವರ ಕೆಲಸ ಸೇರಿದರೆ ಸರಿಹೋಗುತ್ತದೆ. ಹತ್ತಿರದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರ ಇದ್ದು, ಹದದ ದಿನಗಳಲ್ಲಿ ಗಾಡಿ ಸಿಗುವಂತಿದ್ದರೆ ಎರಡು ಮೂರು ಎಕರೆಯವರು ಬಾಡಿಗೆಯಲ್ಲೇ ಇರುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ನವೆಂಬರ್ ಮೊದಲ ವಾರ

ಜೂನಿನಲ್ಲಿ ಬೇರು ಕಡಿದ ಮೂರು ಸಾಲಿನ ಮೇಲೆ ಕಣ್ಣಿಟ್ಟಿದ್ದೇನೆ. ಎರಡು ಸಾಲು ಚೇತರಿಸಿಕೊಂಡಿವೆ. ಮೂರನೆಯದರಲ್ಲಿ ನಾಲ್ಕು ಮರದ ಸೋಗೆ ಇನ್ನೂ ಸ್ವಲ್ಪ ಹಳದಿ. ಆ ಬುಡಗಳಿಗೆ ಗೊಬ್ಬರ ಕೊಟ್ಟು ಹೊದಿಕೆ ದಪ್ಪ ಮಾಡಿದ್ದೇವೆ.

ಬೇಸಿಗೆಯಲ್ಲಿ ತೋಟಕ್ಕೆ ಕೆರೆ ಗೋಡು (ಹೂಳು) ಹೊಡೆಯಬೇಕು. ಅದಕ್ಕೆ ಟ್ರೇಲರಿನ ಪಕ್ಕದ ಹಲಗೆ ಒಂದಡಿ ಏರಿಸಲು ಹೊರಟಿದ್ದೆ. ಚಿಕ್ಕಪ್ಪ ಬೇಡ ಅಂದರು. ಒದ್ದೆ ಗೋಡು ಭಾರ, ಕೆರೆ ಏರಿಯ ಇಳಿಜಾರಿನಲ್ಲಿ ಈ ಸಣ್ಣ ಗಾಡಿಯನ್ನು ಟ್ರೇಲರೇ ಹಿಂದಿನಿಂದ ತಳ್ಳುತ್ತದೆ. ಹಲಗೆ ಹಾಗೇ ಇರಲಿ, ಎರಡು ಟ್ರಿಪ್ ಜಾಸ್ತಿ ಹೊಡೆದರಾಯಿತು. ಮೊದಲ ಲೋಡು ಆ ನಾಲ್ಕು ಮರಕ್ಕೆ.